ಮೇಲ್ ಸರ್ವರ್ ಇನ್‌ಸ್ಟಾಲ್ ಆಗ್ತಿಲ್ವಾ? ಮೊದಲು ಹೆಸರು ನೋಡಿ

ಜಿಂಬ್ರಾ, ಪೋಸ್ಟ್‌ಫಿಕ್ಸ್, ಐರೆಡ್‌ಮೇಲ್, ಇವೆಲ್ಲ ಲಿನಕ್ಸ್‌ನಲ್ಲಿ ಮೇಲ್ ಸರ್ವರ್ ನಡೆಸುವ ಸಾಫ್ಟ್‌ವೇರ್‌ಗಳು. ಜಿಂಬ್ರಾ ಇನ್‌ಸ್ಟಾಲರ್ ಎಲ್ಲ ಪ್ಯಾಕೇಜನ್ನೂ ಹಾಕಿ ಮುಗಿಸುತ್ತದೆ. ಕೊನೆಯಲ್ಲಿ ಎಲ್‌ಡ್ಯಾಪ್ (ಬಳಕೆದಾರರ ವಿವರ ಇಡುವ ಡೈರೆಕ್ಟರಿ) ಶುರು ಮಾಡುವ ಹೊತ್ತಿಗೆ ‘ಕನೆಕ್ಷನ್ ರೆಫ್ಯೂಸ್ಡ್’ ಅಂತ ಕೂತುಬಿಡುತ್ತದೆ. ಪೋಸ್ಟ್‌ಫಿಕ್ಸ್ ಆದರೆ ಪ್ಯಾಕೇಜ್ ಇಳಿಯುತ್ತದೆ, ಕಾನ್ಫಿಗರ್ ಆಗುವಾಗ ಬೀಳುತ್ತದೆ. ಐರೆಡ್‌ಮೇಲ್ ಮಾತ್ರ ಸ್ವಲ್ಪ ನೇರ. ಸರ್ವರ್‌ಗೆ ಸರಿಯಾದ ಹೆಸರಿಲ್ಲ, ಅದನ್ನು ಸರಿ ಮಾಡಿಕೊಂಡು ಬನ್ನಿ ಅಂತ ಬಾಗಿಲಲ್ಲೇ ವಾಪಸ್ ಕಳಿಸುತ್ತದೆ.

ಇಂಥ ಹೊತ್ತಲ್ಲಿ ಹೆಚ್ಚಿನವರು ಮಾಡುವುದೇನು? ಫೈರ್‌ವಾಲ್ ಆಫ್ ಮಾಡುತ್ತಾರೆ. ರ್‍ಯಾಮ್ ಜಾಸ್ತಿ ಮಾಡುತ್ತಾರೆ. ಕೊನೆಗೆ ಓಎಸ್ಸನ್ನೇ ಅಳಿಸಿ ಮತ್ತೆ ಹಾಕುತ್ತಾರೆ. ಮತ್ತೆ ಅದೇ ಎರರ್, ಅದೇ ಜಾಗದಲ್ಲಿ. ಯಾಕೆಂದರೆ ತೊಂದರೆ ಎರರ್ ಕಾಣಿಸುವ ಜಾಗದಲ್ಲಿ ಇಲ್ಲ. ಸರ್ವರ್‌ನ ಹೆಸರು ಒಂದೊಂದು ಕಡೆ ಒಂದೊಂದು ಥರ ಇರುವುದೇ ತೊಂದರೆ. ಆಧಾರ್‌ನಲ್ಲಿ ಒಂದು ಇನಿಶಿಯಲ್, ಪಾಸ್‌ಬುಕ್‌ನಲ್ಲಿ ಇನ್ನೊಂದು ಇದ್ದರೆ ಕೌಂಟರ್‌ನಲ್ಲಿ ಏನಾಗುತ್ತದೆ ಅಂತ ಗೊತ್ತಲ್ವಾ, ಹಾಗೆ.

ವೆಬ್ ಸರ್ವರ್‌ಗೆ ತನ್ನ ಹೆಸರು ಗೊತ್ತಿಲ್ಲದಿದ್ದರೂ ಹೇಗೋ ನಡೆಯುತ್ತದೆ. ಮೇಲ್ ಸರ್ವರ್‌ಗೆ ನಡೆಯುವುದಿಲ್ಲ. ಬೇರೆ ಸರ್ವರ್ ಜೊತೆ ಮಾತು ಶುರು ಮಾಡುವಾಗ ಅದು ಮೊದಲು ಹೇಳುವುದೇ ತನ್ನ ಹೆಸರು. ಬಂದ ಮೇಲ್ ತನಗೆ ಸೇರಿದ್ದೋ, ಮುಂದೆ ಕಳಿಸಬೇಕಾದ್ದೋ ಅಂತ ತೀರ್ಮಾನಿಸುವುದೂ ಹೆಸರು ನೋಡಿಯೇ. ಜಿಂಬ್ರಾದಂಥ ದೊಡ್ಡ ಸೂಟ್‌ಗಳಲ್ಲಿ ಎಲ್‌ಡ್ಯಾಪ್, ಮೇಲ್‌ಬಾಕ್ಸ್, ಎಂಟಿಎ (ಮೇಲ್ ಸಾಗಿಸುವ ಭಾಗ) ಎಲ್ಲ ಒಂದೇ ಯಂತ್ರದಲ್ಲಿದ್ದರೂ ಒಂದನ್ನೊಂದು ಹುಡುಕುವುದು ಹೆಸರಿನಿಂದಲೇ.

ತಪ್ಪನ್ನು ಹುಡುಕುವ ದಾರಿ ಒಳಗಿಂದ ಹೊರಗೆ. ಮೊದಲು ಯಂತ್ರ, ಆಮೇಲೆ ಹೋಸ್ಟ್ಸ್ ಫೈಲ್ (ಯಂತ್ರದೊಳಗೇ ಇರುವ ಹೆಸರು-ಐಪಿ ಪಟ್ಟಿ), ಆಮೇಲೆ ಡಿಎನ್‌ಎಸ್ (ಹೆಸರು ಕೇಳಿದರೆ ಐಪಿ ಹೇಳುವ ನೆಟ್‌ವರ್ಕ್ ವ್ಯವಸ್ಥೆ). ಇಡೀ ಬರಹಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಸರ್ವರ್ ಹೆಸರು ಮೇಲ್.ಎಕ್ಸಾಂಪಲ್.ಕಾಮ್, ಆಫೀಸಿನ ಒಳಗಿನ ಐಪಿ 192.168.1.20, ಹೊರಗಿನ ಐಪಿ 203.0.113.10. ಆಜ್ಞೆಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಮಾಮೂಲಿನಂತೆ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.

ಯಂತ್ರ ತನ್ನನ್ನು ಏನಂತ ಕರೆದುಕೊಳ್ಳುತ್ತಿದೆ?

‘ಹೋಸ್ಟ್‌ನೇಮ್ -ಎಫ್’ ಕೊಡಿ. ಮೇಲ್.ಎಕ್ಸಾಂಪಲ್.ಕಾಮ್ ಅಂತ ಪೂರ್ತಿ ಹೆಸರು ಬಂದರೆ ಮುಂದಕ್ಕೆ ಹೋಗಿ. ಬರೀ ‘ಮೇಲ್’ ಅಂತ ಬಂದರೆ, ‘ಲೋಕಲ್‌ಹೋಸ್ಟ್’ ಅಂತ ಬಂದರೆ, ಅಥವಾ ‘ನೇಮ್ ಆರ್ ಸರ್ವಿಸ್ ನಾಟ್ ನೋನ್’ ಅಂತ ಬೈದರೆ ಇಲ್ಲೇ ನಿಲ್ಲಿ. ಇದರ ಸುಳಿವು ಮೊದಲೇ ಸಿಕ್ಕಿರುತ್ತದೆ. ಪ್ರತಿ ಸಲ ಸುಡೋ ಕೊಟ್ಟಾಗ ‘ಅನೇಬಲ್ ಟು ರಿಸಾಲ್ವ್ ಹೋಸ್ಟ್’ ಅಂತ ಒಂದು ಸಾಲು ಬರುತ್ತಿರುತ್ತದೆ, ಕೆಲಸ ಆಗುತ್ತಿದೆಯಲ್ಲ ಅಂತ ಯಾರೂ ಗಮನಿಸುವುದಿಲ್ಲ.

ಸರಿ ಮಾಡಲು ‘ಹೋಸ್ಟ್‌ನೇಮ್‌ಸಿಟಿಎಲ್ ಸೆಟ್-ಹೋಸ್ಟ್‌ನೇಮ್ ಮೇಲ್.ಎಕ್ಸಾಂಪಲ್.ಕಾಮ್’. ಇಲ್ಲಿ ಚಿಕ್ಕ ಹೆಸರು ಹಾಕಬೇಕೋ ಪೂರ್ತಿ ಹೆಸರೋ ಅಂತ ಹಳೇ ಜಗಳ ಒಂದಿದೆ. ಡೆಬಿಯನ್ ಕಡೆಯವರು ಚಿಕ್ಕದು ಅನ್ನುತ್ತಾರೆ, ರೆಡ್‌ಹ್ಯಾಟ್ ಕಡೆಯವರು ಪೂರ್ತಿ ಅನ್ನುತ್ತಾರೆ. ಮೇಲ್ ಸರ್ವರ್ ಮಟ್ಟಿಗೆ ನಾನು ಪೂರ್ತಿ ಹೆಸರಿನ ಪಕ್ಷ. ಪೋಸ್ಟ್‌ಫಿಕ್ಸ್‌ಗೆ ನೀವು ಬೇರೆ ಏನೂ ಹೇಳದಿದ್ದರೆ ಅದು ಯಂತ್ರದ ಹೆಸರನ್ನೇ ತೆಗೆದುಕೊಳ್ಳುತ್ತದೆ. ಅದರಲ್ಲಿ ಚುಕ್ಕೆ ಇಲ್ಲದಿದ್ದರೆ ಹಿಂದೆ ‘ಲೋಕಲ್‌ಡೊಮೇನ್’ ಅಂತ ತಾನೇ ಅಂಟಿಸಿಕೊಳ್ಳುತ್ತದೆ. ಆಮೇಲೆ ನಿಮ್ಮ ಸರ್ವರ್ ಲೋಕಕ್ಕೆಲ್ಲ ‘ನಾನು ಮೇಲ್.ಲೋಕಲ್‌ಡೊಮೇನ್’ ಅಂತ ಪರಿಚಯ ಮಾಡಿಕೊಂಡು ತಿರುಗುತ್ತದೆ. ಆ ಕಡೆಯವರು ‘ಹೆಲೋ ಕಮಾಂಡ್ ರಿಜೆಕ್ಟೆಡ್, ಹೋಸ್ಟ್ ನಾಟ್ ಫೌಂಡ್’ ಅಂತ ಮುಖದ ಮೇಲೆ ಹೊಡೆಯುತ್ತಾರೆ.

ಪೋಸ್ಟ್‌ಫಿಕ್ಸ್ ಕಾನ್ಫಿಗರ್ ಆಗುವಾಗಲೇ ಬಿದ್ದಿದ್ದರೆ ಲಾಗ್‌ನಲ್ಲಿ ಈ ಎರಡು ಸಾಲು ಹುಡುಕಿ. ಒಂದು, ‘ವ್ಯಾಲಿಡ್ ಹೋಸ್ಟ್‌ನೇಮ್: ಇನ್‌ವ್ಯಾಲಿಡ್ ಕ್ಯಾರೆಕ್ಟರ್ 95’. ಅದರ ಕೆಳಗೇ ಇನ್ನೊಂದು, ‘ಫೇಟಲ್: ಅನೇಬಲ್ ಟು ಯೂಸ್ ಮೈ ಓನ್ ಹೋಸ್ಟ್‌ನೇಮ್’. ಈ 95 ಯಾವುದೋ ಎರರ್ ಕೋಡ್ ಅಂದುಕೊಂಡು ಹುಡುಕಾಡಬೇಡಿ. ಅದು ಆಸ್ಕಿ ಪಟ್ಟಿಯಲ್ಲಿ ಅಂಡರ್‌ಸ್ಕೋರ್‌ನ ನಂಬರ್, ಅಷ್ಟೇ. ಯಾರೋ ಯಂತ್ರಕ್ಕೆ ‘ಮೇಲ್_ಸರ್ವರ್’ ಅಂತ ಹೆಸರಿಟ್ಟಿದ್ದಾರೆ. ಹೋಸ್ಟ್ ಹೆಸರಿನಲ್ಲಿ ಅಕ್ಷರ, ಅಂಕಿ, ನಡುವೆ ಹೈಫನ್, ಇಷ್ಟಕ್ಕೇ ಅವಕಾಶ. ‘ಮಿಸ್‌ಪ್ಲೇಸ್ಡ್ ಡಿಲಿಮಿಟರ್’ ಅಂತ ಬಂದರೆ ಹೆಸರಿನ ಕೊನೆಯಲ್ಲೋ ಶುರುವಿನಲ್ಲೋ ಒಂದು ಚುಕ್ಕೆ ಉಳಿದುಕೊಂಡಿದೆ ಅಂತ ಅರ್ಥ. ಬೆರಳು ತಾಕಿ ಬಿದ್ದ ಒಂದು ಚುಕ್ಕೆಗೆ ಇಡೀ ಇನ್‌ಸ್ಟಾಲ್ ನಿಲ್ಲುತ್ತದೆ.

ಉದ್ದವೂ ಲೆಕ್ಕಕ್ಕೆ ಬರುತ್ತದೆ. ಎರಡು ಚುಕ್ಕೆಗಳ ನಡುವಿನ ತುಂಡು 63 ಅಕ್ಷರ ಮೀರುವಂತಿಲ್ಲ. ಲಿನಕ್ಸ್‌ನಲ್ಲಿ ಯಂತ್ರದ ಹೆಸರು ಒಟ್ಟು 64 ಅಕ್ಷರಕ್ಕಿಂತ ಜಾಸ್ತಿ ಇರುವಂತಿಲ್ಲ. ಕ್ಲೌಡ್‌ನವರು ತಾವಾಗಿಯೇ ಇಡುವ ಉದ್ದುದ್ದ ಹೆಸರುಗಳಲ್ಲಿ ಇದನ್ನು ನೋಡಿಕೊಳ್ಳಿ. ಇನ್ನು ನಿಮ್ಮ ಡೊಮೇನೇ ಕನ್ನಡದಲ್ಲಿದ್ದರೆ, ಅಂದರೆ .ಭಾರತ ವಿಳಾಸ ತೆಗೆದುಕೊಂಡಿದ್ದರೆ, ಯಂತ್ರದ ಹೆಸರಿಗೂ ಹೋಸ್ಟ್ಸ್ ಫೈಲಿಗೂ ಕನ್ನಡ ಅಕ್ಷರ ಹಾಕಬೇಡಿ. ಎಕ್ಸ್, ಎನ್, ಎರಡು ಹೈಫನ್‌ನಿಂದ ಶುರುವಾಗುವ ಪ್ಯೂನಿಕೋಡ್ ರೂಪವನ್ನೇ (ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆಯುವ ವಿಧಾನ) ಹಾಕಿ. ಕನ್ನಡ ವಿಳಾಸಗಳಿಗೆ ಮೇಲ್ ಒಯ್ಯುವ ಸೌಲಭ್ಯ ಪೋಸ್ಟ್‌ಫಿಕ್ಸ್‌ನಲ್ಲಿ 2015ರ 3.0 ಆವೃತ್ತಿಯಿಂದ ಇದೆ. ಆದರೆ ಸರ್ವರ್ ತನ್ನನ್ನು ಕರೆದುಕೊಳ್ಳುವ ಹೆಸರು ಹಳೇ ನಿಯಮದಲ್ಲೇ ಇರಬೇಕು.

ಹೋಸ್ಟ್ಸ್ ಫೈಲ್: ಅರ್ಧ ರೋಗ ಇಲ್ಲೇ

ಇಟಿಸಿ ಫೋಲ್ಡರ್‌ನಲ್ಲಿರುವ ಹೋಸ್ಟ್ಸ್ ಫೈಲ್ ತೆರೆಯಿರಿ. ಡೆಬಿಯನ್ ಅಥವಾ ಉಬುಂಟು ಹೊಸದಾಗಿ ಹಾಕಿದ್ದರೆ ಹೀಗಿರುತ್ತದೆ:

127.0.0.1 ಲೋಕಲ್‌ಹೋಸ್ಟ್
127.0.1.1 ಮೇಲ್

ಈ 127.0.1.1 ಡೆಬಿಯನ್‌ನವರ ಪದ್ಧತಿ. ಖಾಯಂ ಐಪಿ ಇಲ್ಲದ ಯಂತ್ರಕ್ಕೂ ತನ್ನ ಹೆಸರು ಗೊತ್ತಿರಲಿ ಅಂತ ಹಾಕುತ್ತಾರೆ. ಲ್ಯಾಪ್‌ಟಾಪ್‌ಗೆ ಒಳ್ಳೆಯದೇ. ಮೇಲ್ ಸರ್ವರ್‌ಗೆ ಇದು ಮುಳ್ಳು. ಹಳೇ ರೆಡ್‌ಹ್ಯಾಟ್ ಬಳಗದಲ್ಲಿ ಇನ್ನೊಂದು ಥರ: ಪೂರ್ತಿ ಹೆಸರನ್ನು 127.0.0.1ರ ಸಾಲಿನಲ್ಲೇ, ಲೋಕಲ್‌ಹೋಸ್ಟ್‌ಗಿಂತ ಮೊದಲು ತುರುಕಿರುತ್ತಿದ್ದರು. ಜಿಂಬ್ರಾ ಇನ್‌ಸ್ಟಾಲರ್ ಇದನ್ನು ಕಂಡರೆ ಮುಂದೆ ಹೋಗುವುದೇ ಇಲ್ಲ. ಹೋಸ್ಟ್ಸ್ ಫೈಲ್ ಹೇಗಿರಬೇಕು ಅಂತ ಮಾದರಿಯನ್ನೂ ತೋರಿಸಿ ನಿಲ್ಲುತ್ತದೆ. ಕಾರಣವನ್ನೂ ಅದೇ ಹೇಳುತ್ತದೆ: ಅದು ತನ್ನ ಡೇಟಾಬೇಸ್‌ಗೆ ಪರವಾನಗಿ ಕೊಡುವುದು ಲೋಕಲ್‌ಹೋಸ್ಟ್ ಮತ್ತು ಲೋಕಲ್‌ಹೋಸ್ಟ್.ಲೋಕಲ್‌ಡೊಮೇನ್ ಎಂಬ ಎರಡು ಹೆಸರಿಗೆ ಮಾತ್ರ. 127.0.0.1ಕ್ಕೆ ಬೇರೆ ಹೆಸರು ಅಂಟಿದ್ದರೆ ಡೇಟಾಬೇಸ್ ‘ನೀನು ಯಾರು’ ಅಂತ ಕೇಳುತ್ತದೆ.

ಸರಿಯಾದದ್ದು ಇದು:

127.0.0.1 ಲೋಕಲ್‌ಹೋಸ್ಟ್.ಲೋಕಲ್‌ಡೊಮೇನ್ ಲೋಕಲ್‌ಹೋಸ್ಟ್
192.168.1.20 ಮೇಲ್.ಎಕ್ಸಾಂಪಲ್.ಕಾಮ್ ಮೇಲ್

ಎರಡನೇ ಸಾಲಿನಲ್ಲಿ ಹೆಸರುಗಳ ಕ್ರಮ ನೋಡಿ. ಐಪಿ ಆದ ಮೇಲೆ ಮೊದಲು ಬರುವ ಹೆಸರೇ ಅಸಲಿ ಹೆಸರು, ಉಳಿದವೆಲ್ಲ ಅಡ್ಡಹೆಸರು. ‘ಮೇಲ್’ ಮೊದಲು ಬರೆದು ಪೂರ್ತಿ ಹೆಸರು ಆಮೇಲೆ ಬರೆದರೆ ‘ಹೋಸ್ಟ್‌ನೇಮ್ -ಎಫ್’ ಬರೀ ‘ಮೇಲ್’ ಅಂತ ಕೊಡುತ್ತದೆ. ಫೈಲಿನಲ್ಲಿ ಎಲ್ಲ ಇದೆಯಲ್ಲ, ಆದರೂ ಯಾಕೆ ಆಗ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರ ಫೈಲಿನಲ್ಲಿ ಬಹಳ ಸಲ ಇದೇ ಇರುತ್ತದೆ. 127.0.1.1ರ ಸಾಲನ್ನು ತೆಗೆದುಹಾಕಿ. ಐಪಿವಿ6ರ ಲೋಕಲ್‌ಹೋಸ್ಟ್ ಸಾಲಿನಲ್ಲೂ ನಿಮ್ಮ ಹೆಸರು ಸೇರಿಕೊಂಡಿದ್ದರೆ ಅಲ್ಲಿಂದಲೂ ತೆಗೆಯಿರಿ.

ಎಲ್ಲ ಸರಿಯಾಗಿ ಕಂಡರೂ ಕೆಲಸ ಮಾಡುತ್ತಿಲ್ಲವೆಂದರೆ ‘ಕ್ಯಾಟ್ -ಎ’ ಕೊಟ್ಟು ಫೈಲ್ ನೋಡಿ. ಇದರಲ್ಲಿ ಎ ದೊಡ್ಡಕ್ಷರ. ಸಾಲಿನ ಕೊನೆಯಲ್ಲಿ ಡಾಲರ್ ಗುರುತು ಮಾತ್ರ ಇರಬೇಕು. ಡಾಲರ್‌ಗಿಂತ ಮೊದಲು ಟೋಪಿ ಗುರುತು ಮತ್ತು ಎಂ ಕಂಡರೆ ಫೈಲನ್ನು ಯಾರೋ ವಿಂಡೋಸ್‌ನಲ್ಲಿ ಎಡಿಟ್ ಮಾಡಿ ತಂದಿದ್ದಾರೆ. ಹೆಸರುಗಳ ನಡುವೆ ‘ಎಂ-ಬಿಎಂ-’ ಅಂತ ವಿಚಿತ್ರವಾಗಿ ಕಂಡರೆ ವೆಬ್‌ಪುಟದಿಂದ ಕಾಪಿ ಮಾಡುವಾಗ ಖಾಲಿ ಜಾಗದ ವೇಷದಲ್ಲಿ ಬೇರೊಂದು ಅಕ್ಷರ ಬಂದು ಕೂತಿದೆ. ಕಣ್ಣಿಗೆ ಅದು ಸ್ಪೇಸ್, ಸಿಸ್ಟಮ್‌ಗೆ ಅಲ್ಲ. ಆ ಸಾಲನ್ನು ಅಳಿಸಿ ಕೈಯಲ್ಲೇ ಟೈಪ್ ಮಾಡಿ.

ಕ್ಲೌಡ್ ಯಂತ್ರವಾದರೆ ಒಂದು ಸಲ ರೀಬೂಟ್ ಮಾಡಿ ಮತ್ತೆ ನೋಡುವುದು ಕಡ್ಡಾಯ. ಕ್ಲೌಡ್-ಇನಿಟ್ ಎಂಬ ಸೇವೆ ಬೂಟ್ ಆಗುವಾಗ ಹೋಸ್ಟ್ಸ್ ಫೈಲನ್ನು ತನ್ನ ಟೆಂಪ್ಲೇಟ್‌ನಿಂದ ಹೊಸದಾಗಿ ಬರೆದುಬಿಡಬಹುದು. ಇವತ್ತು ಇನ್‌ಸ್ಟಾಲ್ ಆದ ಸರ್ವರ್ ಮುಂದಿನ ರೀಬೂಟ್‌ಗೆ ಬೀಳುವುದು ಹೀಗೆ. ಅದರ ಕಾನ್ಫಿಗ್ ಫೈಲಿನಲ್ಲಿ ‘ಪ್ರಿಸರ್ವ್ ಹೋಸ್ಟ್‌ನೇಮ್’ ಅನ್ನು ಟ್ರೂ ಮಾಡಿ, ‘ಮ್ಯಾನೇಜ್ ಇಟಿಸಿ ಹೋಸ್ಟ್ಸ್’ ಅನ್ನು ಫಾಲ್ಸ್ ಮಾಡಿ. ಆಫೀಸಿನಲ್ಲೇ ಇರುವ ಯಂತ್ರವಾದರೆ ಡಿಎಚ್‌ಸಿಪಿ ಬಿಟ್ಟು ಖಾಯಂ ಐಪಿ ಕೊಡಿ. ರೂಟರ್ ನಾಳೆ ಬೇರೆ ಐಪಿ ಕೊಟ್ಟರೆ ಇಷ್ಟು ಹೊತ್ತು ಬರೆದದ್ದೆಲ್ಲ ಸುಳ್ಳಾಗುತ್ತದೆ.

ಡಿಗ್ ಒಂದು ಹೇಳುತ್ತದೆ, ಗೆಟ್‌ಎಂಟ್ ಇನ್ನೊಂದು

ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ‘ಡಿಗ್’ ಹೋಸ್ಟ್ಸ್ ಫೈಲನ್ನು ನೋಡುವುದೇ ಇಲ್ಲ, ನೇರ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ‘ಗೆಟ್‌ಎಂಟ್ ಹೋಸ್ಟ್ಸ್’ ಮಾತ್ರ ಸಿಸ್ಟಮ್ ಹೇಗೆ ಹುಡುಕುತ್ತದೋ ಹಾಗೇ ಹುಡುಕುತ್ತದೆ. ಎರಡನ್ನೂ ಕೊಟ್ಟು ಹೋಲಿಸಿ. ಉತ್ತರ ಬೇರೆ ಬೇರೆ ಬಂದರೆ ನಿಮ್ಮ ಮೇಲ್ ಸರ್ವರ್‌ನ ಒಂದು ಭಾಗ ಒಂದನ್ನು, ಇನ್ನೊಂದು ಭಾಗ ಮತ್ತೊಂದನ್ನು ನಂಬುತ್ತದೆ. ಪೋಸ್ಟ್‌ಫಿಕ್ಸ್ ಹೊರಗೆ ಮೇಲ್ ಕಳಿಸುವಾಗ ತಾನಾಗಿ ನೋಡುವುದು ಡಿಎನ್‌ಎಸ್ ಅನ್ನು ಮಾತ್ರ. ಅದಕ್ಕೇ ಹೋಸ್ಟ್ಸ್ ಫೈಲ್ ಎಷ್ಟು ಸರಿಯಿದ್ದರೂ ಸಾಲುವುದಿಲ್ಲ.

ಆಫೀಸಿನ ಒಳ ಡೊಮೇನ್‌ಗೆ ‘ಆಫೀಸ್.ಲೋಕಲ್’ ಅಂತ ಹೆಸರಿಟ್ಟಿದ್ದರೆ ಇನ್ನೊಂದು ಗುಂಡಿ ಇದೆ. .ಲೋಕಲ್ ಅನ್ನು 2013ರಲ್ಲೇ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ (ಎಂಡಿಎನ್‌ಎಸ್, ಅಂದರೆ ಸರ್ವರ್ ಇಲ್ಲದೆ ಅದೇ ನೆಟ್‌ವರ್ಕಿನ ಯಂತ್ರಗಳನ್ನೇ ಕೇಳುವ ವಿಧಾನ) ಬಿಟ್ಟುಕೊಟ್ಟಿದ್ದಾರೆ. ಎಂಡಿಎನ್‌ಎಸ್ ನಡೆಸುವ ಅವಾಹಿ ಎಂಬ ಸೇವೆ ಇರುವ ಉಬುಂಟು ಡೆಸ್ಕ್‌ಟಾಪ್‌ನಲ್ಲಿ, ಹೆಸರನ್ನು ಎಲ್ಲೆಲ್ಲಿ ಹುಡುಕಬೇಕು ಅಂತ ಹೇಳುವ ಎನ್‌ಎಸ್‌ಸ್ವಿಚ್ ಫೈಲಿನ ಹೋಸ್ಟ್ಸ್ ಸಾಲು ನೋಡಿ. ಎಂಡಿಎನ್‌ಎಸ್‌ನಲ್ಲಿ ಸಿಗದಿದ್ದರೆ ಅಲ್ಲಿಗೇ ನಿಲ್ಲು ಅಂತ ಬರೆದಿರುತ್ತದೆ, ಡಿಎನ್‌ಎಸ್‌ವರೆಗೆ ಪ್ರಶ್ನೆ ಹೋಗುವುದೇ ಇಲ್ಲ. ಡಿಗ್‌ಗೆ ಉತ್ತರ ಸಿಗುತ್ತದೆ, ಇನ್‌ಸ್ಟಾಲರ್‌ಗೆ ಸಿಗುವುದಿಲ್ಲ. ಸಾಲನ್ನು ತಿದ್ದಬಹುದು, ಆದರೆ ನನ್ನ ಮಾತು ಕೇಳುವುದಾದರೆ .ಲೋಕಲ್ ಬಿಟ್ಟುಬಿಡಿ. ಅಂಥ ಒಳಗಿನ ಹೆಸರುಗಳಿಗೆ 2015ರ ನವೆಂಬರ್‌ನಿಂದ ಯಾವ ಸಾರ್ವಜನಿಕ ಸಂಸ್ಥೆಯೂ ಸರ್ಟಿಫಿಕೇಟ್ ಕೊಡುವುದಿಲ್ಲ. ಎಕ್ಸ್‌ಚೇಂಜ್ ಸರ್ವರ್ ನಡೆಸಿದವರಿಗೆ ಆ ಗೋಳು ಚೆನ್ನಾಗಿ ನೆನಪಿರುತ್ತದೆ.

ಎಂಎಕ್ಸ್ ಮತ್ತು ರೂಟರ್ ಹಿಂದಿನ ಸರ್ವರ್

ಎಂಎಕ್ಸ್ ಅಂದರೆ ಒಂದು ಡೊಮೇನಿನ ಮೇಲನ್ನು ಯಾವ ಸರ್ವರ್‌ಗೆ ಕೊಡಬೇಕು ಅಂತ ಹೇಳುವ ಡಿಎನ್‌ಎಸ್ ರೆಕಾರ್ಡ್. ಜಿಂಬ್ರಾ ಇನ್‌ಸ್ಟಾಲರ್ ಯಂತ್ರದ ಹೆಸರನ್ನೇ ಮೇಲ್ ಡೊಮೇನ್ ಅಂದುಕೊಳ್ಳುತ್ತದೆ. ಅದಕ್ಕೇ ‘ಮೇಲ್.ಎಕ್ಸಾಂಪಲ್.ಕಾಮ್‌ಗೆ ಎಂಎಕ್ಸ್ ಸಿಗಲಿಲ್ಲ, ಡೊಮೇನ್ ಹೆಸರು ಬದಲಿಸುತ್ತೀರಾ?’ ಅಂತ ಕೇಳುತ್ತದೆ. ಎರರ್ ಅಂತ ಕಂಡಿದ್ದೇ ಗಾಬರಿಯಾಗಿ ‘ನೋ’ ಒತ್ತಬೇಡಿ. ‘ಯೆಸ್’ ಕೊಟ್ಟು ಎಕ್ಸಾಂಪಲ್.ಕಾಮ್ ಅಂತ ಬರೆಯಿರಿ. ನೋ ಒತ್ತಿದರೆ ಇನ್‌ಸ್ಟಾಲ್ ಮುಗಿಯುತ್ತದೆ, ಆದರೆ ಎಲ್ಲರ ವಿಳಾಸವೂ ಮೇಲ್.ಎಕ್ಸಾಂಪಲ್.ಕಾಮ್ ಅಂತ ಆಗುತ್ತದೆ. ಐರೆಡ್‌ಮೇಲ್‌ನಲ್ಲಿ ಇದೇ ವಿಷಯ ತಿರುಗಾ ಮುರುಗಾ: ಯಂತ್ರಕ್ಕೇ ಬರೀ ಎಕ್ಸಾಂಪಲ್.ಕಾಮ್ ಅಂತ ಹೆಸರಿಟ್ಟರೆ, ಮೇಲ್ ಡೊಮೇನ್ ಮತ್ತು ಸರ್ವರ್ ಹೆಸರು ಒಂದೇ ಇರಬಾರದು ಅಂತ ತಡೆಯುತ್ತದೆ. ಪೋಸ್ಟ್‌ಫಿಕ್ಸ್ ಪ್ಯಾಕೇಜ್ ‘ಸಿಸ್ಟಮ್ ಮೇಲ್ ನೇಮ್’ ಕೇಳಿದಾಗ ಅದಕ್ಕೆ ಬೇಕಾದದ್ದು ವಿಳಾಸದಲ್ಲಿ ಅಟ್ ಗುರುತು ಆದ ಮೇಲೆ ಬರುವ ಭಾಗ.

ಆಮೇಲೆ ಬರುವುದು ನಿಜವಾದ ಕಗ್ಗಂಟು. ‘ಎಕ್ಸಾಂಪಲ್.ಕಾಮ್‌ನ ಯಾವ ಎಂಎಕ್ಸ್ ರೆಕಾರ್ಡೂ ಈ ಯಂತ್ರವನ್ನು ತೋರಿಸುತ್ತಿಲ್ಲ’ ಅಂತ ಜಿಂಬ್ರಾ ಹೇಳುತ್ತದೆ. ನೀವು ನೋಡಿದರೆ ಎಂಎಕ್ಸ್ ಸರಿಯಾಗೇ ಇದೆ. ಇನ್‌ಸ್ಟಾಲರ್ ಎಂಎಕ್ಸ್ ಕೇಳಿದಾಗ ಸಿಕ್ಕಿದ್ದು 203.0.113.10. ಯಂತ್ರದ ನೆಟ್‌ವರ್ಕ್ ಕಾರ್ಡಿನಲ್ಲಿ ಇರುವುದು 192.168.1.20. ಹೊರಗಿನ ಐಪಿ ರೂಟರ್‌ನದ್ದು, ಯಂತ್ರದ್ದಲ್ಲ. ಇನ್‌ಸ್ಟಾಲರ್‌ಗೆ ನ್ಯಾಟ್ (ರೂಟರ್ ಹೊರಗಿನ ಐಪಿಯನ್ನು ಒಳಗಿನ ಐಪಿಗೆ ಬದಲಿಸಿ ಕಳಿಸುವುದು) ಗೊತ್ತಿಲ್ಲ, ಹಾಗಾಗಿ ಎರಡನ್ನೂ ಹೋಲಿಸಿ ‘ಇದು ನಾನಲ್ಲ’ ಅನ್ನುತ್ತದೆ.

ಇದನ್ನು ಬರೀ ಎಚ್ಚರಿಕೆ ಅಂತ ದಾಟಿಸಿದರೆ ಇನ್‌ಸ್ಟಾಲ್ ಮುಗಿಯುತ್ತದೆ, ತೊಂದರೆ ಆಮೇಲೆ ಶುರು. ಮೇಲ್ ಒಳಗೆ ಬರುತ್ತದೆ, ಕ್ಯೂನಲ್ಲಿ ನಿಲ್ಲುತ್ತದೆ, ಯಾರ ಇನ್‌ಬಾಕ್ಸಿಗೂ ಬೀಳುವುದಿಲ್ಲ. ಲಾಗ್‌ನಲ್ಲಿ 203.0.113.10ರ 7025 ಪೋರ್ಟಿಗೆ ‘ಕನೆಕ್ಷನ್ ಟೈಮ್ಡ್ ಔಟ್’ ಅಂತ ಕಾಣುತ್ತದೆ. ಮೇಲ್‌ಬಾಕ್ಸ್ ಪಕ್ಕದಲ್ಲೇ ಇದೆ. ಆದರೂ ಜಿಂಬ್ರಾ ಒಳಗೆ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ಡಿಎನ್‌ಎಸ್ ಕೇಳಿ, ಹೊರಗಿನ ಐಪಿ ಪಡೆದು, ರೂಟರ್‌ವರೆಗೆ ಹೋಗಿ ಗೋಡೆಗೆ ಗುದ್ದಿಕೊಂಡು ವಾಪಸ್ ಬರುತ್ತಿದೆ.

ಇದಕ್ಕೆ ಮದ್ದು ಒಳಗೊಂದು ಉತ್ತರ, ಹೊರಗೊಂದು ಉತ್ತರ ಕೊಡುವ ಡಿಎನ್‌ಎಸ್. ಅದೇ ಯಂತ್ರದಲ್ಲಿ ಡಿಎನ್‌ಎಸ್‌ಮ್ಯಾಸ್ಕ್ ಎಂಬ ಚಿಕ್ಕ ಡಿಎನ್‌ಎಸ್ ಸರ್ವರ್ ಹಾಕಿ. ಮುಖ್ಯವಾಗಿ ಬೇಕಾದದ್ದು ಎರಡು ಸಾಲು. ‘ಹೋಸ್ಟ್-ರೆಕಾರ್ಡ್’ ಸಾಲಿನಲ್ಲಿ ಮೇಲ್.ಎಕ್ಸಾಂಪಲ್.ಕಾಮ್‌ಗೆ 192.168.1.20 ಕೊಡಿ. ‘ಎಂಎಕ್ಸ್-ಹೋಸ್ಟ್’ ಸಾಲಿನಲ್ಲಿ ಎಕ್ಸಾಂಪಲ್.ಕಾಮ್‌ಗೆ ಆ ಹೆಸರನ್ನು ತೋರಿಸಿ. ಉಳಿದ ಪ್ರಶ್ನೆಗಳೆಲ್ಲ ಮೇಲಿನ ಡಿಎನ್‌ಎಸ್ ಸರ್ವರ್‌ಗೆ ಹೋಗುತ್ತವೆ. ಬೈಂಡ್ ಎಂಬ ದೊಡ್ಡ ಡಿಎನ್‌ಎಸ್ ಸರ್ವರ್‌ನಲ್ಲಿ ಪೂರ್ತಿ ಝೋನ್ (ಡೊಮೇನಿನ ಎಲ್ಲ ರೆಕಾರ್ಡುಗಳ ಪಟ್ಟಿ) ಮಾಡಿದರೂ ಆಗುತ್ತದೆ. ಆದರೆ ಆ ಡೊಮೇನಿನ ಎಲ್ಲ ಹೆಸರುಗಳಿಗೂ ಆಗ ನೀವೇ ಜವಾಬ್ದಾರರು. ವೆಬ್‌ಸೈಟಿನ ರೆಕಾರ್ಡ್ ಬರೆಯಲು ಮರೆತರೆ ಬೇರೆ ಎಲ್ಲರಿಗೂ ಕಾಣುವ ಕಂಪನಿ ಸೈಟ್ ಆಫೀಸಿನವರಿಗೆ ಮಾತ್ರ ಕಾಣುವುದಿಲ್ಲ.

ಡಿಎನ್‌ಎಸ್‌ಮ್ಯಾಸ್ಕ್ ಶುರುವಾಗುವಾಗ ‘53 ಪೋರ್ಟ್: ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಅಂದರೆ ಅಲ್ಲಿ ಲಿನಕ್ಸ್‌ನ ಹೆಸರು ಹುಡುಕುವ ಸೇವೆ ಸಿಸ್ಟಮ್‌ಡಿ-ರಿಸಾಲ್ವ್ಡ್ ಮೊದಲೇ ಕೂತಿದೆ. ಅದರ ಕಾನ್ಫಿಗ್‌ನಲ್ಲಿ ‘ಡಿಎನ್‌ಎಸ್ ಸ್ಟಬ್ ಲಿಸನರ್’ ಅನ್ನು ನೋ ಮಾಡಿ, ಯಾವ ಡಿಎನ್‌ಎಸ್ ಕೇಳಬೇಕು ಅಂತ ಹೇಳುವ ರಿಸಾಲ್ವ್ ಕಾನ್ಫ್ ಫೈಲಿನಲ್ಲಿ 127.0.0.53 ಬದಲು 127.0.0.1 ಇರುವಂತೆ ನೋಡಿಕೊಳ್ಳಿ. ಜಿಂಬ್ರಾದ ಪ್ಯಾಕೇಜ್ ಪಟ್ಟಿಯಲ್ಲಿ ಬರುವ ಡಿಎನ್‌ಎಸ್ ಕ್ಯಾಶ್ ಕೂಡ ಇದೇ ಪೋರ್ಟಿಗೆ ಬರುತ್ತದೆ. ನಿಮ್ಮದೇ ಡಿಎನ್‌ಎಸ್ ಇದ್ದರೆ ಅದಕ್ಕೆ ‘ನೋ’ ಅನ್ನಿ.

ಹೊರಗಿನ ಡಿಎನ್‌ಎಸ್‌ನ ಸಣ್ಣಪುಟ್ಟ ಕಾಟ

ಡೊಮೇನ್ ಕೊಟ್ಟವರ ಪ್ಯಾನೆಲ್‌ನಲ್ಲಿ ಹೋಸ್ಟ್ ಖಾನೆಗೆ ಪೂರ್ತಿ ಹೆಸರು ಬರೆದರೆ ಎಷ್ಟೋ ಕಡೆ ಅದರ ಹಿಂದೆ ಡೊಮೇನ್ ಇನ್ನೊಂದು ಸಲ ಅಂಟಿಕೊಂಡು ಮೇಲ್.ಎಕ್ಸಾಂಪಲ್.ಕಾಮ್.ಎಕ್ಸಾಂಪಲ್.ಕಾಮ್ ಆಗುತ್ತದೆ. ಝೋನ್ ಫೈಲಿನಲ್ಲಿ ಕೊನೆಯ ಚುಕ್ಕೆ ಮರೆತಾಗಲೂ ಇದೇ ಕಥೆ. ಎಂಎಕ್ಸ್ ಐಪಿಯನ್ನು ತೋರಿಸುವಂತಿಲ್ಲ, ಹೆಸರನ್ನೇ ತೋರಿಸಬೇಕು. ಆ ಹೆಸರು ಸಿನೇಮ್ (ಇನ್ನೊಂದು ಹೆಸರಿಗೆ ಕಳಿಸುವ ಅಡ್ಡಹೆಸರು) ಆಗಿರಬಾರದು, ಅದಕ್ಕೆ ನೇರವಾಗಿ ಐಪಿ ಹೇಳುವ ಎ ರೆಕಾರ್ಡ್ ಇರಬೇಕು.

ರೆಕಾರ್ಡ್ ಈಗ ತಾನೇ ಹಾಕಿದ್ದೀರಿ, ಆದರೂ ‘ಎನ್‌ಎಕ್ಸ್‌ಡೊಮೇನ್’, ಅಂದರೆ ಅಂಥ ಹೆಸರೇ ಇಲ್ಲ, ಅಂತ ಬರುತ್ತಿದೆಯಾ? ರೆಕಾರ್ಡ್ ಹಾಕುವ ಮೊದಲೇ ಒಮ್ಮೆ ಕೇಳಿ ನೋಡಿದ್ದಿರಬಹುದು. ‘ಇಲ್ಲ’ ಎಂಬ ಉತ್ತರವನ್ನೂ ಡಿಎನ್‌ಎಸ್ ನೆನಪಿಟ್ಟುಕೊಳ್ಳುತ್ತದೆ, ಎಷ್ಟು ಹೊತ್ತು ಅನ್ನುವುದು ಆ ಝೋನ್‌ನ ಎಸ್‌ಒಎ ರೆಕಾರ್ಡಿನ ಮೇಲೆ. ಡೊಮೇನ್‌ನ ಸ್ವಂತ ನೇಮ್‌ಸರ್ವರನ್ನೇ ಡಿಗ್‌ನಲ್ಲಿ ನೇರ ಕೇಳಿ. ಅಲ್ಲಿ ಸರಿ ಬಂದರೆ ಏನನ್ನೂ ಮುಟ್ಟದೆ ಕಾಯಿರಿ. ಕಾಯಲಾರದೆ ರೆಕಾರ್ಡನ್ನು ಅಳಿಸಿ ಮತ್ತೆ ಹಾಕುವವರೇ ತೊಂದರೆಯನ್ನು ಉದ್ದ ಮಾಡಿಕೊಳ್ಳುವುದು.

ಲೆಟ್ಸ್ ಎನ್‌ಕ್ರಿಪ್ಟ್‌ನವರ ಉಚಿತ ಸರ್ಟಿಫಿಕೇಟ್ ಪಡೆಯುವ ಹಂತದಲ್ಲಿ ಬೀಳುತ್ತಿದ್ದರೆ ಎಎಎಎ ರೆಕಾರ್ಡ್, ಅಂದರೆ ಐಪಿವಿ6 ವಿಳಾಸ, ಹಳೆಯದೊಂದು ಉಳಿದಿದೆಯಾ ನೋಡಿ. ಅದು ಇದ್ದರೆ ಅವರು ಮೊದಲು ಅಲ್ಲಿಗೇ ಬರುತ್ತಾರೆ. ಸುಮ್ನೆ ಮತ್ತೆ ಮತ್ತೆ ಒತ್ತಬೇಡಿ. ಒಂದು ಹೆಸರಿಗೆ ಗಂಟೆಗೆ 5 ಸಲ ಫೇಲ್ ಆದರೆ ಸ್ವಲ್ಪ ಹೊತ್ತು ಬಾಗಿಲು ಹಾಕುತ್ತಾರೆ. ‘ಡ್ರೈ-ರನ್’ ಕೊಟ್ಟು ಪರೀಕ್ಷೆ ಮಾಡಿ.

ಮತ್ತೆ ಓಡಿಸುವ ಮೊದಲು

ಹೆಸರು ಸರಿಯಾದ ಮಾತ್ರಕ್ಕೆ ಅರ್ಧಕ್ಕೆ ನಿಂತ ಇನ್‌ಸ್ಟಾಲ್ ಸರಿಯಾಗುವುದಿಲ್ಲ. ಹಳೇ ತಪ್ಪು ಹೆಸರು ಅದರ ಕಾನ್ಫಿಗ್‌ಗಳಲ್ಲಿ ಸೇರಿಕೊಂಡಿರುತ್ತದೆ. ಜಿಂಬ್ರಾ ಆದರೆ ಇನ್‌ಸ್ಟಾಲ್ ಸ್ಕ್ರಿಪ್ಟಿಗೆ ‘-ಯು’ ಕೊಟ್ಟು ಪೂರ್ತಿ ತೆಗೆದು ಮತ್ತೆ ಹಾಕಿ. ವರ್ಚುವಲ್ ಯಂತ್ರವಾದರೆ ಶುರುವಿನ ಸ್ನ್ಯಾಪ್‌ಶಾಟ್‌ಗೆ ಹಿಂದಿರುಗಿ, ಹೆಸರು ಸರಿ ಮಾಡಿ, ಆಮೇಲೆ ಹಾಕಿ. ಪೋಸ್ಟ್‌ಫಿಕ್ಸ್‌ಗೆ ಇಷ್ಟು ಬೇಕಿಲ್ಲ. ‘ಪೋಸ್ಟ್‌ಕಾನ್ಫ್ ಮೈಹೋಸ್ಟ್‌ನೇಮ್’ ಕೊಟ್ಟು ಹೊಸ ಹೆಸರು ಬಂದಿದೆಯಾ ನೋಡಿ, ಬಂದಿದ್ದರೆ ‘ಡಿಪಿಕೆಜಿ --ಕಾನ್ಫಿಗರ್ -ಎ’.

ಡೆಬಿಯನ್ ಬಳಗದಲ್ಲಿ ಇನ್ನೊಂದು ಇದೆ. ಪೋಸ್ಟ್‌ಫಿಕ್ಸ್ ತನ್ನ ಸ್ಪೂಲ್ ಫೋಲ್ಡರ್ ಒಳಗೆ ರಿಸಾಲ್ವ್ ಕಾನ್ಫ್‌ನ ಪ್ರತಿ ಇಟ್ಟುಕೊಂಡಿರಬಹುದು. ನೀವು ಡಿಎನ್‌ಎಸ್ ಬದಲಿಸಿದರೂ ಅದು ಹಳೇ ಪ್ರತಿಯನ್ನೇ ಓದುತ್ತಾ ‘ನೇಮ್ ಸರ್ವಿಸ್ ಎರರ್, ಹೋಸ್ಟ್ ನಾಟ್ ಫೌಂಡ್, ಟ್ರೈ ಅಗೇನ್’ ಅನ್ನುತ್ತಿರುತ್ತದೆ. ಸೇವೆಯನ್ನು ರೀಸ್ಟಾರ್ಟ್ ಮಾಡಿ, ಎರಡೂ ಫೈಲ್ ಒಂದೇ ಇವೆಯಾ ಹೋಲಿಸಿ.

ಇನ್ನುಳಿದದ್ದು ಪಿಟಿಆರ್, ಅಂದರೆ ಐಪಿ ಕೊಟ್ಟರೆ ಹೆಸರು ಹೇಳುವ ಹಿಮ್ಮುಖ ರೆಕಾರ್ಡ್. ಇದು ಇನ್‌ಸ್ಟಾಲ್ ನಿಲ್ಲಿಸುವುದಿಲ್ಲ, ಮೇಲ್ ನಿಲ್ಲಿಸುತ್ತದೆ. 203.0.113.10ಕ್ಕೆ ಮೇಲ್.ಎಕ್ಸಾಂಪಲ್.ಕಾಮ್ ಅಂತ ಹಿಮ್ಮುಖ ರೆಕಾರ್ಡ್ ಇರಬೇಕು. ಹಿಮ್ಮುಖ ರೆಕಾರ್ಡೇ ಇಲ್ಲದಿದ್ದರೆ ಜಿಮೇಲ್ 550 5.7.25 ಅಂತ ತಿರಸ್ಕರಿಸುತ್ತದೆ. ಇದನ್ನು ಡೊಮೇನ್ ಪ್ಯಾನೆಲ್‌ನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಐಪಿ ಯಾರದ್ದೋ ಅವರೇ ಹಾಕಿಕೊಡಬೇಕು, ಅಂದರೆ ನಿಮ್ಮ ಇಂಟರ್‌ನೆಟ್ ಕಂಪನಿ ಅಥವಾ ಹೋಸ್ಟಿಂಗ್‌ನವರು.

ಕೊನೆಗೆ ಒಂದು ಜಿಮೇಲ್ ಖಾತೆಗೆ ಮೇಲ್ ಕಳಿಸಿ, ಸ್ಪ್ಯಾಮ್‌ನಲ್ಲಿ ಬಿದ್ದಿದ್ದರೂ ಪರವಾಗಿಲ್ಲ, ತೆರೆದು ‘ಶೋ ಒರಿಜಿನಲ್’ ಒತ್ತಿ. ‘ರಿಸೀವ್ಡ್: ಫ್ರಮ್’ ಎಂಬ ಮೇಲಿನ ಸಾಲುಗಳಲ್ಲಿ ನಿಮ್ಮ ಸರ್ವರ್ ಇರುವುದನ್ನು ಹುಡುಕಿ. ಆವರಣದ ಹೊರಗಿರುವುದು ಸರ್ವರ್ ತಾನೇ ಹೇಳಿಕೊಂಡ ಹೆಸರು, ಒಳಗಿರುವುದು ಐಪಿಯ ಪಿಟಿಆರ್ ಹೇಳಿದ ಹೆಸರು. ಎರಡೂ ಮೇಲ್.ಎಕ್ಸಾಂಪಲ್.ಕಾಮ್ ಆಗಿದ್ದರೆ ಹೆಸರಿನ ಕೆಲಸ ಮುಗಿಯಿತು. ಒಳಗಡೆ ಐಪಿ ಅಂಕಿಗಳನ್ನೇ ಪೋಣಿಸಿದ ಇಂಟರ್‌ನೆಟ್ ಕಂಪನಿಯ ಹೆಸರು ಕಂಡರೆ ಅವರಿಗೆ ಇನ್ನೊಂದು ಫೋನ್ ಮಾಡಿ.